ವೀರ್ ದಾಸ್, ಚೌಡಯ್ಯ ಹಾಲ್ ಮತ್ತು ನಡೆಯದೇ ಹೋದ ಒಂದು ಸಂಜೆ

2022ರ ನವೆಂಬರ್ 10. ಆಫೀಸಿನಿಂದ ಬೇಗ ಹೊರಡೋಣ ಅಂತ ಬ್ಯಾಗಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಸುದ್ದಿ ಬಂತು. ಚೌಡಯ್ಯ ಹಾಲ್‌ನಲ್ಲಿ ಸಂಜೆ ಇದ್ದ ಹಾಸ್ಯಗಾರ ವೀರ್ ದಾಸ್ ಶೋ ನಡೆಯುವುದಿಲ್ಲ. ಮುಂದಕ್ಕೆ ಹೋಗಿದೆ, ಹೊಸ ದಿನಾಂಕ ಆಮೇಲೆ ಹೇಳ್ತಾರಂತೆ.

ಅಪ್ಪನಿಗೆ ಫೋನ್ ಮಾಡಿ ತಿಳಿಸುವುದೇ ಕಷ್ಟವಾಯಿತು. ಎಪ್ಪತ್ತೈದು ದಾಟಿದವರು. ಒಬ್ಬನೇ ಮೈಕ್ ಹಿಡಿದು ನಿಂತು ನಗಿಸುವ ಸ್ಟ್ಯಾಂಡಪ್ ಅಂತ ಒಂದು ಶೋಗೂ ಹೋದವರಲ್ಲ. ಅವತ್ತು ಬೆಳಿಗ್ಗೆಯೇ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಕುರ್ಚಿ ಬೆನ್ನಿಗೆ ಹಾಕಿಟ್ಟಿದ್ದರು.

"ಯಾಕಂತೆ?" ಅಂತ ಕೇಳಿದರು.

"ಯಾರೋ ದೂರು ಕೊಟ್ಟಿದ್ದಾರಂತಪ್ಪ."

"ಯಾವುದರ ಮೇಲೆ?"

"ಹೋದ ವರ್ಷ ಅಮೆರಿಕದಲ್ಲಿ ಮಾತಾಡಿದ್ದರ ಮೇಲೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇವತ್ತು ಏನು ಹೇಳ್ತಾನೆ ಅಂತ ಇನ್ನೂ ಯಾರಿಗೂ ಗೊತ್ತಿಲ್ವಲ್ಲೋ" ಅಂದರು.

ಮೊನ್ನೆ ಒಬ್ಬ ಹಳೆಯ ಗೆಳೆಯನ ಜೊತೆ ಮಾತಾಡುವಾಗ ವೀರ್ ದಾಸ್ ಹೆಸರು ಬಂತು. "ಅಯ್ಯೋ, ಆ ವಿವಾದದವನಾ?" ಅಂದ. ಯಾವ ವಿವಾದ ಅಂತ ಕೇಳಿದೆ. "ಒಂದಾ ಎರಡಾ, ಬೇಕಾದಷ್ಟಿವೆ" ಅಂತ ಹೇಳಿ ಮುಗಿಸಿಬಿಟ್ಟ. ಅವತ್ತಿನಿಂದ ಇದನ್ನು ಬರೆಯಬೇಕು ಅನ್ನಿಸ್ತಾ ಇದೆ. ಯಾಕೆಂದರೆ ಈ ಮನುಷ್ಯನ ಮೇಲೆ ಬಂದ ದೂರುಗಳೆಲ್ಲ ಒಂದೇ ಥರದವಲ್ಲ. ಕೆಲವು ಕಡೆ ಆತ ನಿಜವಾಗಿ ತಪ್ಪು ಮಾಡಿದ್ದಾನೆ. ಕೆಲವು ಕಡೆ ಏನೂ ತಪ್ಪು ಮಾಡಿಲ್ಲ. ಎರಡನ್ನೂ ಒಂದೇ ಮೂಟೆಗೆ ತುಂಬಿ, ಮೇಲೆ "ವಿವಾದಿತ" ಅಂತ ಚೀಟಿ ಅಂಟಿಸಿಬಿಟ್ಟರೆ ಯಾವುದಕ್ಕೂ ಉತ್ತರ ಕೊಡಬೇಕಾಗಿಲ್ಲ ನೋಡಿ. ತಪ್ಪು ಮಾಡಿದವನೂ ತಪ್ಪಿಸಿಕೊಳ್ತಾನೆ, ತಪ್ಪು ಹೊರಿಸಿದವರೂ ತಪ್ಪಿಸಿಕೊಳ್ತಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೀನಿ. ವೀರ್ ದಾಸ್ ಹುಟ್ಟಿದ್ದು 1979ರಲ್ಲಿ, ಡೆಹ್ರಾಡೂನ್‌ನಲ್ಲಿ. ಬಾಲ್ಯ ಕಳೆದದ್ದು ನೈಜೀರಿಯಾದ ಲಾಗೋಸ್‌ನಲ್ಲಿ. ಸ್ವಲ್ಪ ಕಾಲ ಸನಾವರ್‌ನ ಬೋರ್ಡಿಂಗ್ ಶಾಲೆ, ಆಮೇಲೆ ದೆಹಲಿ, ಆಮೇಲೆ ಅಮೆರಿಕದ ಇಲಿನಾಯ್ ರಾಜ್ಯದ ನಾಕ್ಸ್ ಕಾಲೇಜು. ಅಲ್ಲಿ ಎಕನಾಮಿಕ್ಸ್ ಜೊತೆಗೆ ನಾಟಕ ಓದಿದ. ಒಂದು ಊರು ಅಂತ ಇಲ್ಲದೆ ಬೆಳೆದ ಹುಡುಗ. ಆಫ್ರಿಕಾದಲ್ಲಿ ಇಂಡಿಯಾದವನು, ಇಂಡಿಯಾದಲ್ಲಿ ಫಾರಿನ್‌ನಿಂದ ಬಂದವನು. ಆತನ ಹಾಸ್ಯದಲ್ಲಿ ಈ ಹೊರಗೆ ನಿಂತು ನೋಡುವ ಕಣ್ಣು ಯಾವಾಗಲೂ ಇರುತ್ತೆ. 2025ರಲ್ಲಿ ಬಂದ ಆತ್ಮಕಥೆಗೂ ಹೊರಗಿನವನು ಅನ್ನುವ ಅರ್ಥದ ಹೆಸರನ್ನೇ ಇಟ್ಟಿದ್ದಾನೆ.

ನನ್ನ ಥರದ ಎಷ್ಟೋ ಜನಕ್ಕೆ ಆತ ಮೊದಲು ಗೊತ್ತಾಗಿದ್ದು ಸಿನಿಮಾದಿಂದ. 2011ರ ಡೆಲ್ಲಿ ಬೆಲ್ಲಿಯಲ್ಲಿ ಮೂವರು ಗೆಳೆಯರ ಪೈಕಿ ಒಬ್ಬ. 2013ರಲ್ಲಿ ಗೋ ಗೋವಾ ಗಾನ್. ಎರಡರಲ್ಲೂ ಚೆನ್ನಾಗಿದ್ದ. ಆದರೆ ಹಿಂದಿ ಸಿನಿಮಾಕ್ಕೆ ಆತನನ್ನು ಏನು ಮಾಡಬೇಕು ಅಂತ ಗೊತ್ತಾಗಲೇ ಇಲ್ಲ ಅಂತ ನನಗನ್ನಿಸುತ್ತೆ. ಹೀರೋ ಪಕ್ಕ ನಿಲ್ಲಿಸಿದರು, ನಗಿಸು ಅಂದರು, ಮುಗೀತು. 2016ರಲ್ಲಿ ಮಸ್ತೀಜಾದೇ ಅಂತ ಒಂದು ಬಂತು. ಅರ್ಧಕ್ಕೇ ನಿಲ್ಲಿಸಿದೆ. ಹೆಣ್ಣಿನ ಮೈಯನ್ನೇ ಜೋಕ್ ಮಾಡಿಕೊಂಡು ಎರಡು ಗಂಟೆ ತಳ್ಳುವ ಸಿನಿಮಾ. ಇಷ್ಟು ಬುದ್ಧಿ ಇರುವವನು ಇದನ್ನು ಯಾಕೆ ಒಪ್ಪಿಕೊಂಡ ಅಂತ ನಿಜವಾಗಿ ಬೇಜಾರಾಗಿತ್ತು. ಅಮೆರಿಕದ ಎಬಿಸಿ ಚಾನೆಲ್‌ನ ವಿಸ್ಕಿ ಕ್ಯಾವಲಿಯರ್ ಧಾರಾವಾಹಿಯಲ್ಲೂ ಪಾತ್ರ ಸಿಕ್ಕಿತು. ಅದು 2019ರಲ್ಲಿ ಒಂದೇ ಸೀಸನ್‌ಗೆ ನಿಂತುಹೋಯಿತು.

ಆತನ ನಿಜವಾದ ಜಾಗ ಸ್ಟೇಜು. ಒಂದು ಮೈಕು, ಒಂದು ಲೈಟು, ಎದುರಿಗೆ ಜನ. 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸ್ಟ್ಯಾಂಡಪ್ ಸ್ಪೆಷಲ್, ಅಂದರೆ ಚಿತ್ರೀಕರಿಸಿದ ಒಂದು ಇಡೀ ಶೋ ಮಾಡಿದ ಮೊದಲ ಭಾರತೀಯ ಆತನೇ. ಅಲ್ಲಿಂದ ಒಂದರ ಹಿಂದೆ ಒಂದು ಬಂದವು.

ಈಗ ದೂರುಗಳ ವಿಷಯಕ್ಕೆ ಬರ್ತೀನಿ.

ಮೊದಲು ಆತ ತಪ್ಪು ಮಾಡಿದ್ದು. 2021ರಲ್ಲಿ ಯೂಟ್ಯೂಬ್‌ನಲ್ಲಿ ಟೆನ್ ಆನ್ ಟೆನ್ ಅಂತ ಒಂದು ಸರಣಿ ಮಾಡ್ತಿದ್ದ. ಅದರ ಒಂದು ಕಂತಿನಲ್ಲಿ ಟ್ರಾನ್ಸ್ ಮಹಿಳೆಯರ ಬಗ್ಗೆ ಒಂದು ಜೋಕ್ ಹೇಳಿದ. ಅದು ಕೆಟ್ಟ ಜೋಕ್. ಅವರ ಬದುಕನ್ನು, ಅವರ ದೇಹವನ್ನು ಒಂದು ಪಂಚ್‌ಲೈನ್‌ಗೆ ಇಳಿಸಿದ ಜೋಕ್. ಟ್ರಾನ್ಸ್ ಸಮುದಾಯದವರು ನೇರವಾಗಿ ಕೇಳಿದರು, ಇದು ನಮಗೆ ನೋವು ಕೊಡುತ್ತೆ ಅಂತ. ವೀರ್ ದಾಸ್ ಬಹಿರಂಗವಾಗಿ ಕ್ಷಮೆ ಕೇಳಿದ.

ಇಲ್ಲಿ ಏನಾಯಿತು ಅಂತ ಸ್ವಲ್ಪ ಗಮನಿಸಿ. ಯಾರೂ ಪೊಲೀಸ್ ಠಾಣೆಗೆ ಓಡಲಿಲ್ಲ. ಯಾವ ಹಾಲ್‌ಗೂ ಬೀಗ ಬೀಳಲಿಲ್ಲ. ನೊಂದವರು ನೊಂದೆವು ಅಂದರು, ನೋಯಿಸಿದವನು ತಪ್ಪಾಯಿತು ಅಂದ. ಬೀದಿಯಲ್ಲಿ, ಬಸ್ಸಿನಲ್ಲಿ ದಿನಾ ನಗೆಪಾಟಲಾಗುವ ಜನ ಅವರು. ಅವರನ್ನು ಸ್ಟೇಜ್ ಮೇಲೆ ನಿಂತ, ಎಲ್ಲ ಇರುವ ಒಬ್ಬ ಗಂಡಸು ಇನ್ನೊಂದು ಸಲ ನಗೆಪಾಟಲು ಮಾಡಿದರೆ ಕೇಳಲೇಬೇಕು, ಅಲ್ವಾ? ಆತನ ಮೇಲೆ ನನಗೆ ಎಷ್ಟೇ ಅಭಿಮಾನ ಇದ್ದರೂ ಇದನ್ನು ಮುಚ್ಚಿಡುವುದಿಲ್ಲ.

ಇನ್ನು 2020ರ ಹಸ್ಮುಖ್. ಆತ ನಟಿಸಿದ ನೆಟ್‌ಫ್ಲಿಕ್ಸ್ ಧಾರಾವಾಹಿ. ಅದರಲ್ಲಿ ವಕೀಲರಿಗೆ ಕಳ್ಳರು, ಗೂಂಡಾಗಳು ಅಂತೆಲ್ಲ ಅನ್ನುವ ಮಾತಿದೆ ಅಂತ ವಕೀಲರೊಬ್ಬರು ದೆಹಲಿ ಹೈಕೋರ್ಟಿಗೆ ಹೋದರು. ಕೋರ್ಟು ಪ್ರಸಾರಕ್ಕೆ ತಡೆ ಕೊಡಲಿಲ್ಲ. ಸಮಾಜ ತನಗೆ ಹೇಗೆ ಕಾಣುತ್ತೋ ಹಾಗೆ ತೋರಿಸುವ ಸ್ವಾತಂತ್ರ್ಯ ಕಲಾವಿದನಿಗೆ ಇರಬೇಕು, ವ್ಯಂಗ್ಯ ಅಂದರೇ ಸ್ವಲ್ಪ ಉತ್ಪ್ರೇಕ್ಷೆ ಅನ್ನುವ ಅರ್ಥದಲ್ಲಿ ಹೇಳಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವ ಗಾದೆ ನಮ್ಮಲ್ಲಿ ಸುಮ್ನೆ ಹುಟ್ಟಿದ್ದಲ್ಲ. ಇನ್ನೊಂದು, 2022ರಲ್ಲಿ ಮುಂಬೈನಲ್ಲಿ ದಾಖಲಾದ ಕಾಪಿರೈಟ್ ದೂರು. ಹಳೆಯ ಶೋ ಒಂದರ ವಿಷಯವನ್ನು ನೆಟ್‌ಫ್ಲಿಕ್ಸ್ ಸ್ಪೆಷಲ್‌ಗೆ ಬಳಸಿದ್ದಾನೆ ಅಂತ ಒಬ್ಬ ನಿರ್ಮಾಪಕರು ಕೊಟ್ಟದ್ದು. ಅದು ವ್ಯವಹಾರದ ಜಗಳ, ಕಾನೂನು ನೋಡಿಕೊಳ್ಳಲಿ.

ಎಲ್ಲರೂ ಮಾತಾಡುವುದು 2021ರ ನವೆಂಬರ್ 12ರ ಬಗ್ಗೆ. ವಾಷಿಂಗ್ಟನ್‌ನ ಕೆನಡಿ ಸೆಂಟರ್ ಅನ್ನುವ ರಂಗಮಂದಿರ. ಶೋ ಕೊನೆಯಲ್ಲಿ ಸುಮಾರು ಆರು ಏಳು ನಿಮಿಷದ ಒಂದು ಭಾಗ. ನಾನು ಎರಡು ಭಾರತಗಳಿಂದ ಬಂದವನು ಅಂತ ಶುರು ಮಾಡ್ತಾನೆ. ಆಮೇಲೆ ಒಂದೊಂದೇ ಜೋಡಿ. ಹಗಲು ಹೆಣ್ಣನ್ನು ಪೂಜಿಸಿ ರಾತ್ರಿ ಅತ್ಯಾಚಾರ ಮಾಡುವ ಭಾರತ. ಸಸ್ಯಾಹಾರಿಗಳು ಅಂತ ಹೆಮ್ಮೆ ಪಟ್ಟುಕೊಂಡು, ಆ ತರಕಾರಿ ಬೆಳೆಯುವ ರೈತರ ಮೇಲೇ ಗಾಡಿ ಹರಿಸುವ ಭಾರತ. ಮಾಸ್ಕ್ ಹಾಕಿದ ಮಕ್ಕಳು ಕೈ ಕೈ ಹಿಡಿಯುವ, ಮಾಸ್ಕ್ ಇಲ್ಲದ ನಾಯಕರು ಅಪ್ಪಿಕೊಳ್ಳುವ ಭಾರತ.

ಆ ಹೊತ್ತಿಗೆ ನಮ್ಮ ಸುತ್ತ ಏನಿತ್ತು ನೆನಪಿಸಿಕೊಳ್ಳಿ. ಕೋವಿಡ್ ಎರಡನೇ ಅಲೆ ಮುಗಿದು ಕೆಲವೇ ತಿಂಗಳಾಗಿತ್ತು. ಅಕ್ಟೋಬರ್‌ನಲ್ಲಿ ಲಖೀಂಪುರ್ ಖೇರಿಯಲ್ಲಿ ರೈತರ ಮೇಲೆ ಗಾಡಿ ಹರಿದಿತ್ತು. ಅದೇ ತಿಂಗಳು ದುಬೈನಲ್ಲಿ ಪಾಕಿಸ್ತಾನದ ಎದುರು ಕ್ರಿಕೆಟ್ ಸೋತಿದ್ದೆವು, ಮೊಹಮ್ಮದ್ ಶಮಿಯನ್ನು ಎಷ್ಟು ಕೆಟ್ಟದಾಗಿ ಬೈದರು ಅಂತ ಎಲ್ಲರಿಗೂ ಗೊತ್ತು. ವೀರ್ ದಾಸ್ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ನಮ್ಮ ಪೇಪರಿನಲ್ಲೇ ಬಂದದ್ದನ್ನು ಒಂದರ ಪಕ್ಕ ಒಂದು ಇಟ್ಟ, ಅಷ್ಟೇ.

ವಿಡಿಯೋವನ್ನು ಆತನೇ ಯೂಟ್ಯೂಬ್‌ಗೆ ಹಾಕಿದ. ಒಂದೆರಡು ದಿನದಲ್ಲಿ ಮುಂಬೈ, ದೆಹಲಿಯಲ್ಲಿ ಪೊಲೀಸ್ ದೂರುಗಳು ಬಂದವು. ಮಧ್ಯಪ್ರದೇಶದ ಆಗಿನ ಗೃಹ ಸಚಿವ ನರೋತ್ತಮ್ ಮಿಶ್ರಾ, ಕ್ಷಮೆ ಕೇಳುವ ತನಕ ನಮ್ಮ ರಾಜ್ಯದಲ್ಲಿ ಕಾರ್ಯಕ್ರಮ ಮಾಡಲು ಬಿಡುವುದಿಲ್ಲ ಅಂದರು. ಶಶಿ ತರೂರ್ ಬೆಂಬಲಕ್ಕೆ ನಿಂತರು. ಟಿವಿಯಲ್ಲಿ ರಾತ್ರಿಯಿಡೀ ಕೂಗಾಟ.

ಒಂದು ವಿಷಯ ಹೇಳಲೇಬೇಕು. ಅದರ ತುಣುಕನ್ನು ಮೊದಲ ಸಲ ನೋಡಿದಾಗ ನನಗೂ ಚುಚ್ಚಿತ್ತು. ಮನೆ ಮಾತನ್ನು ಬೀದಿಗೆ ಯಾಕೆ ತಂದ, ಅದೂ ಬೇರೆಯವರ ಬೀದಿಗೆ ಅನ್ನಿಸಿತ್ತು. ಆ ಭಾವನೆ ಸುಳ್ಳಲ್ಲ. ಊರು ಬಿಟ್ಟು ಹೋದವನು ಊರನ್ನು ಬೈದರೆ ಊರಲ್ಲಿ ಇರುವವನಿಗೆ ಕೋಪ ಬರುತ್ತೆ, ಸಹಜ. ಆದರೆ ಪೂರ್ತಿ ನೋಡಿದ ಮೇಲೆ ಬೇರೆಯೇ ಅನ್ನಿಸಿತು. ವಾಟ್ಸಾಪಿನಲ್ಲಿ ಹರಿದಾಡಿದ್ದು ಒಂದೇ ಒಂದು ಸಾಲು. ಉಳಿದದ್ದನ್ನು ಕತ್ತರಿಸಿ ಬಿಸಾಕಿದ್ದರು. ಪೂರ್ತಿ ವಿಡಿಯೋದಲ್ಲಿ, ಹೊಗೆ ಮುಚ್ಚಿದ ಆಕಾಶದ ಕೆಳಗೂ ಮಾಳಿಗೆ ಮೇಲೆ ಮಲಗಿ ನಕ್ಷತ್ರ ನೋಡುವ ಜನ ಇದ್ದಾರೆ. ಕೊನೆಗೆ ಭಾರತಕ್ಕಾಗಿ ಜೋರಾಗಿ ಚಪ್ಪಾಳೆ ತಟ್ಟಿ ಅಂತ ಆ ಹಾಲ್‌ನಲ್ಲಿ ಕೂತವರನ್ನು ಕೇಳಿಕೊಳ್ತಾನೆ. ದೇಶವನ್ನು ಕೀಳು ಮಾಡಲು ಹೊರಟವನು ಅದನ್ನು ಯಾಕೆ ಕೇಳ್ತಾನೆ ಹೇಳಿ? ಅಲ್ಲದೆ ಅಲ್ಲಿ ಹೇಳಿ ಇಲ್ಲಿ ಬಚ್ಚಿಡಲಿಲ್ಲ. ಇಂಥದ್ದನ್ನೇ ಅದೇ ವರ್ಷ ನಮ್ಮ ದೇಶದಲ್ಲೇ ಕೂತು ಟೆನ್ ಆನ್ ಟೆನ್‌ನಲ್ಲಿ ಹೇಳ್ತಾ ಬಂದಿದ್ದ.

ಆ ವಾರವೇ ಅಪ್ಪನಿಗೆ ಅದನ್ನು ತೋರಿಸಿದೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅದೂ ಆತ ಮಾತಾಡುವ ವೇಗಕ್ಕೆ ಆಗಲೇ ಇಲ್ಲ. ಹಾಗಾಗಿ ಒಂದೊಂದು ಸಾಲಿಗೂ ನಿಲ್ಲಿಸಿ ಕನ್ನಡದಲ್ಲಿ ಹೇಳ್ತಾ ಹೋದೆ. ಸೋಫಾದ ತುದಿಗೆ ಬಂದು, ಕನ್ನಡಕ ಹಣೆಗೆ ಏರಿಸಿಕೊಂಡು ಕೇಳಿದರು. ಕ್ರಿಕೆಟ್ ಮಾತಿಗೆ ನಕ್ಕರು. ಹೆಣ್ಣುಮಕ್ಕಳ ಮಾತು ಬಂದಾಗ ನಗಲಿಲ್ಲ. "ಮುಂದೆ ಹೇಳು" ಅಂದರು. ಎಲ್ಲ ಮುಗಿದ ಮೇಲೆ, "ಇಷ್ಟಕ್ಕೆ ಪೊಲೀಸ್ ದೂರಾ? ನಮ್ಮ ಹಿರಣ್ಣಯ್ಯ ಇದಕ್ಕಿಂತ ಜೋರಾಗಿ ಹೇಳ್ತಿದ್ದರಲ್ಲೋ" ಅಂದರು.

ಅಪ್ಪ ಮಾಸ್ಟರ್ ಹಿರಣ್ಣಯ್ಯನವರ ದೊಡ್ಡ ಅಭಿಮಾನಿ. ಲಂಚಾವತಾರ ನಾಟಕವನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ನಾನು ಚಿಕ್ಕವನಿದ್ದಾಗ ಒಂದು ಸಲ ಕರೆದುಕೊಂಡು ಹೋಗಿದ್ದರು. ಕಥೆ ನನಗೆ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಹಿರಣ್ಣಯ್ಯನವರು ಕಥೆ ಬಿಟ್ಟು ಮುಂದೆ ಬಂದು ನಿಂತದ್ದು. ಉಳಿದ ಪಾತ್ರಗಳೆಲ್ಲ ಹಾಗೇ ನಿಂತಿವೆ, ಇವರು ಅವತ್ತಿನ ಪೇಪರಿನಲ್ಲಿ ಬಂದದ್ದನ್ನು ಹಿಡಿದು ಮಂತ್ರಿಗಳನ್ನು ಝಾಡಿಸ್ತಾ ಇದ್ದಾರೆ. ಎದುರು ಸಾಲಿನಲ್ಲಿ ಸಫಾರಿ ಹಾಕಿಕೊಂಡ ಒಬ್ಬರು ದೊಡ್ಡ ಮನುಷ್ಯರು ಹೊಟ್ಟೆ ಹಿಡಿದುಕೊಂಡು ನಗ್ತಾ ಇದ್ದರು. ಅಪ್ಪ ನನ್ನ ಕಿವಿಯಲ್ಲಿ, "ಅವರ ಇಲಾಖೆಗೇ ಬೈತಿರೋದು" ಅಂದಿದ್ದರು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅಂತ ನಮ್ಮವರು ಹೇಳ್ತಾರೆ. ಆದರೂ ಹೇಳುವವರು ನಮ್ಮಲ್ಲಿ ಇದ್ದೇ ಇದ್ದರು, ನಾವು ಟಿಕೆಟ್ ತಗೊಂಡು ಹೋಗಿ ಕೇಳಿದೆವು, ಚಪ್ಪಾಳೆ ಹೊಡೆದೆವು. ಯಕ್ಷಗಾನದಲ್ಲಿ ಹಾಸ್ಯಗಾರ ರಾಜನ ಎದುರೇ ನಿಂತು ಆಡಬಾರದ್ದನ್ನು ಆಡ್ತಾನೆ, ಅದಕ್ಕೆ ಯಾರೂ ಮೇಳದ ಡೇರೆ ಕೀಳಿಸಿಲ್ಲ. ಹೀಗಿರುವಾಗ ಸ್ಟ್ಯಾಂಡಪ್ ಅನ್ನೋದು ನಮ್ಮ ಸಂಸ್ಕೃತಿಗೆ ಹೊರಗಿನದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹೆಸರು ಇಂಗ್ಲಿಷಿನದು. ಕೆಲಸ ನಮ್ಮದೇ.

ಈ ಕಥೆಯಲ್ಲಿ ನವೆಂಬರ್ ತಿಂಗಳು ಮತ್ತೆ ಮತ್ತೆ ಬರುತ್ತೆ. 2021ರ ನವೆಂಬರ್ 22ಕ್ಕೆ ನ್ಯೂಯಾರ್ಕ್‌ನಲ್ಲಿ ಅಂತಾರಾಷ್ಟ್ರೀಯ ಎಮ್ಮಿ ಟಿವಿ ಪ್ರಶಸ್ತಿ ಸಮಾರಂಭ. ಫಾರ್ ಇಂಡಿಯಾ ಅನ್ನುವ ಸ್ಪೆಷಲ್‌ಗೆ ನಾಮನಿರ್ದೇಶನ ಇತ್ತು. ಇಲ್ಲಿ ದೇಶದ್ರೋಹಿ ಅಂತ ಕೂಗ್ತಿದ್ದ ಅದೇ ದಿನಗಳಲ್ಲಿ ಆತ ಅಲ್ಲಿ ಭಾರತದ ಹೆಸರಿನಲ್ಲಿ ಕೂತಿದ್ದ. ಪ್ರಶಸ್ತಿ ಬರಲಿಲ್ಲ. ಮುಂದಿನ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಶೋ ನಿಂತಿತು. ಅದರ ಮುಂದಿನ ನವೆಂಬರ್, 2023ರ 20ನೇ ತಾರೀಕು, ಲ್ಯಾಂಡಿಂಗ್ ಅನ್ನುವ ಸ್ಪೆಷಲ್‌ಗೆ ಕಾಮಿಡಿ ವಿಭಾಗದ ಎಮ್ಮಿ ಬಂತು. ಬ್ರಿಟನ್ನಿನ ಡೆರಿ ಗರ್ಲ್ಸ್ ಧಾರಾವಾಹಿ ಜೊತೆ ಹಂಚಿಕೊಂಡು. 2024ರ ನವೆಂಬರ್‌ನಲ್ಲಿ ಆ ಸಮಾರಂಭವನ್ನು ನಡೆಸಿಕೊಡುವ ನಿರೂಪಕನೇ ಆತ. ಆ ಜಾಗದಲ್ಲಿ ನಿಂತ ಮೊದಲ ಭಾರತೀಯ.

ಲ್ಯಾಂಡಿಂಗ್ ನೋಡಿಲ್ಲದಿದ್ದರೆ ದಯವಿಟ್ಟು ನೋಡಿ. ಅದರಲ್ಲಿ ಕೆನಡಿ ಸೆಂಟರ್ ಆದ ಮೇಲಿನ ದಿನಗಳ ಬಗ್ಗೆಯೇ ಹೇಳ್ತಾನೆ. ಬೇರೆಯವನಾಗಿದ್ದರೆ ಬೈದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಸೇಡು ತೀರಿಸಿಕೊಳ್ತಿದ್ದ. ಈತ ಹಾಗೆ ಮಾಡಲಿಲ್ಲ. ತಾನು ಹೆದರಿದ್ದನ್ನು ಹೇಳ್ತಾನೆ. ಮನೆಗೆ ವಾಪಸ್ ಹೋಗಬೇಕು ಅನ್ನುವ ಹಂಬಲ ಹೇಳ್ತಾನೆ. ನನಗೆ ಆತನ ಮೇಲೆ ಗೌರವ ಜಾಸ್ತಿ ಆದದ್ದು ಪ್ರಶಸ್ತಿಯಿಂದಲ್ಲ, ಇದರಿಂದ. ಟ್ರಾನ್ಸ್ ಸಮುದಾಯಕ್ಕೆ ಕ್ಷಮೆ ಕೇಳಿದ್ದೂ, ಎರಡು ಭಾರತಗಳ ಮಾತಿಗೆ ಕ್ಷಮೆ ಕೇಳದೇ ಇದ್ದದ್ದೂ ಒಂದೇ ಮನುಷ್ಯ, ಒಂದೇ ವರ್ಷ. ಯಾವುದಕ್ಕೆ ತಲೆ ಬಗ್ಗಿಸಬೇಕು, ಯಾವುದಕ್ಕೆ ಬಗ್ಗಿಸಬಾರದು ಅಂತ ಆತನಿಗೆ ಗೊತ್ತಿತ್ತು.

2025ರ ಫೂಲ್ ವಾಲ್ಯೂಮ್ ಅನ್ನುವ ಸ್ಪೆಷಲ್ ಕೂಡ ಹಾಗೇ. ಚಿತ್ರೀಕರಣಕ್ಕೆ ಕೆಲವೇ ವಾರ ಇದೆ ಅನ್ನುವಾಗ ಆತನ ಧ್ವನಿಯೇ ಹೋಗಿಬಿಟ್ಟಿತು. ಬಾಯೇ ಬಂಡವಾಳ ಆದವನಿಗೆ ಮಾತಾಡಬೇಡ ಅಂದರೆ ಹೇಗಿರುತ್ತೆ ಯೋಚಿಸಿ. ವಾರಗಟ್ಟಲೆ ಮೌನವಾಗಿದ್ದು, ಆ ಮೌನವನ್ನೇ ಶೋಗೆ ತಂದ.

ಈಗ ನಮ್ಮ ಊರಿನ ವಿಷಯ. ಇದು ನನಗೆ ಜಾಸ್ತಿ ನೋವು ಕೊಡುವ ಭಾಗ.

ವೀರ್ ದಾಸ್‌ಗಿಂತ ಒಂದು ವರ್ಷ ಮೊದಲು, 2021ರ ನವೆಂಬರ್ 28ಕ್ಕೆ, ಇನ್ನೊಬ್ಬ ಸ್ಟ್ಯಾಂಡಪ್ ಹಾಸ್ಯಗಾರ ಮುನಾವರ್ ಫಾರೂಕಿಯ ಶೋ ಬೆಂಗಳೂರಿನಲ್ಲಿ ಇತ್ತು. ಆ ಹುಡುಗ ಅದೇ ವರ್ಷ ಜನವರಿ 1ರಂದು ಇಂದೋರ್‌ನಲ್ಲಿ ಬಂಧನಕ್ಕೆ ಒಳಗಾಗಿ, ಸುಪ್ರೀಂ ಕೋರ್ಟ್ ಜಾಮೀನು ಕೊಡುವ ತನಕ ಒಂದು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದ. ಬೆಂಗಳೂರಿನಲ್ಲಿ ಆರುನೂರಕ್ಕೂ ಹೆಚ್ಚು ಟಿಕೆಟ್ ಹೋಗಿದ್ದವು. ನಮ್ಮ ಅಪ್ಪು ತೀರಿಕೊಂಡು ಇನ್ನೂ ಒಂದು ತಿಂಗಳಾಗಿತ್ತು ಅಷ್ಟೇ. ಶೋ ಹಣವನ್ನು ಪುನೀತ್ ರಾಜ್‌ಕುಮಾರ್ ಅವರ ಸೇವಾ ಸಂಸ್ಥೆಗೆ ಕೊಡಬೇಕು ಅಂತ ಇತ್ತು ಎಂದು ಆತನೇ ಹೇಳಿದ್ದ. ಗಲಾಟೆ ಆಗಬಹುದು ಅನ್ನುವ ಕಾರಣಕ್ಕೆ ಅದೂ ನಿಂತಿತು. ಅವತ್ತು ಆತ ಬರೆದದ್ದು ನಿಮಗೆ ನೆನಪಿರಬಹುದು, ದ್ವೇಷ ಗೆದ್ದಿತು, ಕಲಾವಿದ ಸೋತ ಅಂತ.

ಗಲಾಟೆ ಆಗಬಹುದು ಅನ್ನುವುದು ನಿಜವೇ ಇರಬಹುದು. ಆದರೆ ಗಲಾಟೆ ಮಾಡ್ತೀನಿ ಅನ್ನುವವನನ್ನು ಹಿಡಿಯುವುದಾ, ಸ್ಟೇಜ್ ಮೇಲೆ ಮಾತಾಡಲು ಬಂದವನನ್ನು ವಾಪಸ್ ಕಳಿಸುವುದಾ? 2022ರ ಆಗಸ್ಟ್‌ನಲ್ಲಿ ಇದೇ ಫಾರೂಕಿ ಹೈದರಾಬಾದ್‌ನ ಶಿಲ್ಪಕಲಾ ವೇದಿಕೆಯಲ್ಲಿ ಶೋ ಮಾಡಿದ. ಅಲ್ಲೂ ಬೆದರಿಕೆ ಇತ್ತು, ವಿರೋಧ ಇತ್ತು. ಪೊಲೀಸರು ಭಾರೀ ಬಂದೋಬಸ್ತ್ ಹಾಕಿದರು. ಅಡ್ಡಿ ಮಾಡಲು ಬಂದವರನ್ನು ವಶಕ್ಕೆ ತಗೊಂಡರು. ಶೋ ನಡೆಯಿತು. ಜನ ನಕ್ಕು ಮನೆಗೆ ಹೋದರು. ಹೈದರಾಬಾದಿಗೆ ಸಾಧ್ಯವಾದದ್ದು ನಮಗೆ ಯಾಕೆ ಸಾಧ್ಯವಾಗಲಿಲ್ಲ? ಗಣೇಶನ ಮೆರವಣಿಗೆಗೆ, ಚಿನ್ನಸ್ವಾಮಿ ಸ್ಟೇಡಿಯಂ ಮ್ಯಾಚಿಗೆ, ರಾಜಕೀಯ ಸಮಾವೇಶಕ್ಕೆ ನಮ್ಮ ಪೊಲೀಸರು ಹಗಲು ರಾತ್ರಿ ನಿಲ್ತಾರೆ. ಸಾವಿರ ಚಿಲ್ಲರೆ ಜನ ಹಿಡಿಸುವ ಒಂದು ಹಾಲ್‌ನ ಗೇಟಿಗೆ ಎರಡು ಗಂಟೆ ನಿಲ್ಲುವುದು ಆಗದ ಕೆಲಸವೇ?

ಹೀಗೆ ಒಂದು ಶೋ ನಿಂತಾಗ ದೊಡ್ಡ ಕಲಾವಿದನಿಗೆ ಅಷ್ಟೇನೂ ಆಗುವುದಿಲ್ಲ. ವೀರ್ ದಾಸ್‌ಗೆ ಬೇರೆ ದೇಶ ಇದೆ, ಬೇರೆ ಹಾಲ್ ಇದೆ. ಪೆಟ್ಟು ಬೀಳುವುದು ನಮ್ಮ ಹುಡುಗ ಹುಡುಗಿಯರಿಗೆ. ಕೋರಮಂಗಲ, ಇಂದಿರಾನಗರದ ಕೆಫೆಗಳಲ್ಲಿ ಕನ್ನಡದಲ್ಲಿ ಸ್ಟ್ಯಾಂಡಪ್ ಮಾಡುವ ಎಳೆಯರು ಇದ್ದಾರೆ. ಮೂವತ್ತು ನಲವತ್ತು ಜನರ ಎದುರು ಐದು ನಿಮಿಷ ಸಿಕ್ಕರೆ ಅದೇ ಹಬ್ಬ. ಅವರು ಒಂದು ಜೋಕ್ ಬರೆದು, ಇದು ಬೇಡ, ಯಾಕೆ ಸುಮ್ನೆ ತಲೆನೋವು ಅಂತ ತಾವೇ ಹೊಡೆದು ಹಾಕ್ತಾರಲ್ಲ, ಆ ಜೋಕನ್ನು ನಾವ್ಯಾರೂ ಕೇಳುವುದೇ ಇಲ್ಲ. ಅದು ಯಾವ ಸುದ್ದಿಯಲ್ಲೂ ಬರುವುದಿಲ್ಲ. ಮುಂದಿನ ಹಿರಣ್ಣಯ್ಯ ಅವರಲ್ಲೇ ಒಬ್ಬ ಇದ್ದರೆ?

ಅವತ್ತು ಸಂಜೆ ಅಪ್ಪ ಆ ಬಿಳಿ ಅಂಗಿ ಹಾಕಿಕೊಂಡೇ ಕೂತಿದ್ದರು. "ಹೇಗೂ ನೀನು ಬೇಗ ಬಂದಿದ್ದೀಯ, ನಡಿ, ಮಲ್ಲೇಶ್ವರದ ಕಡೆ ಹೋಗಿ ಕಾಫಿ ಕುಡಿದು ಬರೋಣ" ಅಂದರು. ರಾಜಾಜಿನಗರದಿಂದ ಆಟೋದಲ್ಲಿ ಹೋದೆವು. ಕಾಫಿ ಆದ ಮೇಲೆ ಅವರೇ ಚೌಡಯ್ಯ ಹಾಲ್ ಕಡೆ ನಡೆಯಲು ಶುರು ಮಾಡಿದರು.

ಹಾಲ್ ಒಳಗೆ ದೀಪ ಇರಲಿಲ್ಲ. ಬೀದಿ ದೀಪದ ಬೆಳಕಿನಲ್ಲಿ ಆ ದೊಡ್ಡ ಪಿಟೀಲಿನ ಆಕಾರ ಮಾತ್ರ ಕಾಣ್ತಿತ್ತು. ಗೇಟಿನ ಹತ್ತಿರ ನಮ್ಮ ಹಾಗೇ ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರು ಫೋನ್ ನೋಡ್ತಾ ನಿಂತಿದ್ದರು. ಸೆಕ್ಯೂರಿಟಿಯವರು ನಾವು ಕೇಳುವ ಮುಂಚೆಯೇ "ಇವತ್ತು ಏನೂ ಇಲ್ಲ ಸಾರ್" ಅಂದರು.

ಅಪ್ಪ ಕತ್ತು ಎತ್ತಿ ಆ ತಂತಿಗಳನ್ನೇ ನೋಡ್ತಾ ನಿಂತರು. "ಪಿಟೀಲಿಗೆ ನಾಲ್ಕೇ ತಂತಿ ಇರೋದು, ಗೊತ್ತಾ?" ಅಂದರು. "ಆಗ ಮೈಕ್ ಎಲ್ಲಿತ್ತು? ಹಿಂದಿನ ಸಾಲಲ್ಲಿ ಕೂತವನಿಗೂ ಕೇಳಲಿ ಅಂತ ಚೌಡಯ್ಯನವರು ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು."

ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು. ಆಮೇಲೆ ಆಟೋ ಹಿಡಿದು ಮನೆಗೆ ಬಂದೆವು.